ಸಿಗರೇಟು ಬಿಟ್ಟ ಮೇಲೆ ಕೆಟ್ಟ ಹೊಟ್ಟೆ ಸರಿಹೋದದ್ದು ಹೀಗೆ

ಹದಿನಾರು ವರ್ಷ ಸೇದಿದ ಸಿಗರೇಟನ್ನು ಕಳೆದ ಮಳೆಗಾಲದಲ್ಲಿ ಬಿಟ್ಟೆ. ಎದೆ ಹಗುರಾಯಿತು, ಹೊಟ್ಟೆ ಮಾತ್ರ ಕಲ್ಲಾಯಿತು. ನಾಲ್ಕು ದಿನವಾದರೂ ಮಲವಿಸರ್ಜನೆ ಇಲ್ಲ; ಉಂಡದ್ದೆಲ್ಲ ವಾಯುವಾಗಿ ಪಕ್ಕೆಗೆ ಒತ್ತುತ್ತಿತ್ತು. ಒಂದೇ ಒಂದು ಸೇದಿದರೆ ಸರಿಯಾದೀತು ಎಂಬ ಆಸೆ ಪ್ರತಿ ಬೆಳಿಗ್ಗೆ ಕಾಡುತ್ತಿತ್ತು. ಅದೇ ನನಗೆ ನಿಜವಾದ ಭಯ.

ತೀರ್ಥಹಳ್ಳಿಯಲ್ಲಿ ವೈದ್ಯರೊಬ್ಬರು ಬಿಡಿಸಿ ಹೇಳಿದರು: ನಿಕೋಟಿನ್ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಅದು ನಿಂತಾಗ ಕರುಳು ಕೆಲವು ವಾರ ಮಂದವಾಗುತ್ತದೆ, ಆಮೇಲೆ ಹಳಿಗೆ ಬರುತ್ತದೆ. ಕಾರಣ ತಿಳಿದದ್ದೇ ಅರ್ಧ ಸಮಾಧಾನ.

ಉಳಿದರ್ಧ ಅಡುಗೆಮನೆಯಲ್ಲಿ ಸಿಕ್ಕಿತು. ಅಮ್ಮ ಹಿತ್ತಲಿನ ಬಾಳೆದಿಂಡನ್ನು ಬಿಲ್ಲೆಯಾಗಿ ಹೆಚ್ಚುತ್ತಾ, ಪ್ರತಿ ಬಿಲ್ಲೆಗೂ ಎಳೆದುಬರುವ ನೂಲನ್ನು ಬೆರಳಿಗೆ ಸುತ್ತಿ ತೆಗೆದು, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕುತ್ತಿದ್ದರು. ವಾರಕ್ಕೆ ಮೂರು ದಿನ ಅದರ ಪಲ್ಯ, ಉಳಿದ ದಿನ ಒಂದೆಲಗದ ತಂಬುಳಿ, ರಾತ್ರಿ ಕುಚ್ಚಲಕ್ಕಿ ಗಂಜಿ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು. ಮಳೆ ಬಿಟ್ಟಾಗ ತುಂಗೆಯ ದಡದವರೆಗೆ ನಡಿಗೆ. ನಾರಿನ ಆಹಾರ ಹೆಚ್ಚಿಸಿದವರು ನೀರನ್ನೂ ಹೆಚ್ಚಿಸಲೇಬೇಕು, ಇಲ್ಲದಿದ್ದರೆ ಹೊಟ್ಟೆ ಇನ್ನಷ್ಟು ಬಿಗಿಯುತ್ತದೆ.

ಕಾಫಿಯನ್ನೂ ನಾಲ್ಕರಿಂದ ಎರಡಕ್ಕೆ ಇಳಿಸಿದೆ. ಹೊಗೆ ನಿಂತ ಮೇಲೆ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆಯಂತೆ. ನನ್ನ ಎದೆಬಡಿತ, ನಿದ್ರೆಗೇಡು ಕಾಫಿ ಇಳಿಸಿದ್ದರಿಂದಲೇ ಕಡಿಮೆಯಾದವು.

ಮೂರನೆಯ ವಾರ ಹೊಟ್ಟೆ ಸಡಿಲಾಯಿತು. ರಕ್ತ ಕಂಡರೆ, ನೋವು ಜೋರಾದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಸೇದುವ ಆಸೆ ಮರುಕಳಿಸಿದರೆ 1800-11-2356ಕ್ಕೆ ಕರೆ ಮಾಡಿ. ಅದು ತಂಬಾಕು ಬಿಡುವವರಿಗಾಗಿಯೇ ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ.