ಬೆರಳ ತುದಿಯಲ್ಲಿ ಮೂಳೆ ಪಾಠ

ನಮ್ಮ ಹೈಸ್ಕೂಲಿನ ಲ್ಯಾಬಿನಲ್ಲಿ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ ಕೊಕ್ಕೆಗೆ ನೇತಾಡುತ್ತಿತ್ತು. ಅದರ ಎಡಗೈ ಕಿರುಬೆರಳು ಎಲ್ಲೋ ಕಳೆದುಹೋಗಿತ್ತು. ಆ ಜಾಗಕ್ಕೆ ಯಾರೋ ಸೀಮೆಸುಣ್ಣದ ತುಂಡು ಸಿಕ್ಕಿಸಿದ್ದರು. ಅದನ್ನು ನೋಡಿಕೊಂಡೇ 'ಮನುಷ್ಯನಿಗೆ 206 ಮೂಳೆ' ಅಂತ ಬಾಯಿಪಾಠ ಮಾಡಿದೆವು, ಪರೀಕ್ಷೆ ಬರೆದೆವು, ಮರೆತೆವು. ಅದೇ ಮೂಳೆಗಳನ್ನು ನಮ್ಮ ಮೈಮೇಲೇ ಮುಟ್ಟಿ ಕಲಿಯಬಹುದು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ಸ್ಕೂಟರಿನಿಂದ ಬಿದ್ದ ಮೇಲೆ. ಆ ಕಥೆ ಮುಂದೆ ಬರುತ್ತದೆ.

ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ಗಟ್ಟಿ ಕುರ್ಚಿ, ಪೆನ್ಸಿಲ್, ಊಟ ಮಾಡಿ ಉಳಿದ ಕೋಳಿ ಕಾಲಿನ ಮೂಳೆ, ಒಂದು ಬಾಟಲಿ ಬಿಳಿ ವಿನೆಗರ್ ಇದ್ದರೆ ಸಾಕು. ಉಗುರು ಕತ್ತರಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಮೊದಲು ಮೂಳೆ ನೆನೆಹಾಕಿ

ಇದಕ್ಕೆ ದಿನ ಹಿಡಿಯುತ್ತದೆ, ಅದಕ್ಕೇ ಮೊದಲು. ಕೋಳಿ ಮೂಳೆಗೆ ಅಂಟಿದ ಮಾಂಸವನ್ನೆಲ್ಲ ತೆಗೆದು ಚೆನ್ನಾಗಿ ತೊಳೆಯಿರಿ. ಗಾಜಿನ ಡಬ್ಬಿಯಲ್ಲಿಟ್ಟು ಮುಳುಗುವಷ್ಟು ವಿನೆಗರ್ ಸುರಿಯಿರಿ. ಮುಚ್ಚಳ ಸಡಿಲವಾಗಿರಲಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ, ಐದಾರು ದಿನ ಬಿಡಿ. ಮಾಂಸ ತರದ ಮನೆಯವರು ಸುಮ್ನೆ ಓದಿಕೊಂಡು ಹೋದರೂ ನಷ್ಟವಿಲ್ಲ.

ಎದೆಯಿಂದ ಶುರು ಮಾಡಿ

ಕುತ್ತಿಗೆಯ ಬುಡದಲ್ಲಿ, ಎರಡು ಕಾಲರ್ ಬೋನ್ ಕೂಡುವ ಕಡೆ ಒಂದು ಗುಳಿ ಇದೆ. ಅಲ್ಲಿ ಬೆರಳಿಡಿ. ಹಾಗೇ ಎದೆಮೂಳೆಯ ಮೇಲೆ ಕೆಳಗೆ ಜಾರಿಸಿ. ಮೂರು ಬೆರಳಗಲ ಇಳಿಯುವಷ್ಟರಲ್ಲಿ ಅಡ್ಡಕ್ಕೆ ಒಂದು ಸಣ್ಣ ಏಣು ಸಿಗುತ್ತದೆ. ನಿಧಾನವಾಗಿ ಹುಡುಕಿ, ಎಲ್ಲರಿಗೂ ಇರುತ್ತದೆ. ಆ ಏಣಿನ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೇ ಪಕ್ಕೆಲುಬು. ಮೊದಲನೆಯದು ಕಾಲರ್ ಬೋನ್ ಹಿಂದೆ ಅಡಗಿ ಕೂತಿರುತ್ತದೆ, ಅದನ್ನು ಹುಡುಕಿ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ವೈದ್ಯರೂ ನರ್ಸುಗಳೂ ಈ ಏಣಿನಿಂದಲೇ ಎಣಿಸುವುದು. ಇಸಿಜಿ ತೆಗೆಯುವಾಗ ಎದೆಮೂಳೆಯ ಅಕ್ಕಪಕ್ಕ ಎರಡು ಬಟ್ಟಲು ಅಂಟಿಸುತ್ತಾರಲ್ಲ, ಅವುಗಳ ಜಾಗ ನಾಲ್ಕನೇ ಮತ್ತು ಐದನೇ ಪಕ್ಕೆಲುಬಿನ ನಡುವಿನ ಸಂದು.

ಒಟ್ಟು 12 ಜೊತೆ ಪಕ್ಕೆಲುಬು. ಮೇಲಿನ 7 ಜೊತೆ ನೇರವಾಗಿ ಎದೆಮೂಳೆಗೆ ಸೇರುತ್ತವೆ. ನಂತರದ 3 ಜೊತೆ ಮೇಲಿನದರ ಮೃದ್ವಸ್ಥಿಗೆ, ಅಂದರೆ ಬಾಗುವ ಮೆದು ಎಲುಬಿಗೆ, ಆತುಕೊಳ್ಳುತ್ತವೆ. ಕೊನೆಯ 2 ಜೊತೆಗೆ ಮುಂದೆ ಯಾವ ಆಸರೆಯೂ ಇಲ್ಲ. ಈಗ ಎರಡೂ ಅಂಗೈ ಪಕ್ಕೆಗೆ ಒತ್ತಿಕೊಂಡು ಉಸಿರೆಳೆಯಿರಿ. ಗೂಡು ಮೇಲೆದ್ದು ಅಗಲವಾಗುವುದು ಗೊತ್ತಾಗುತ್ತದೆ. ಗಟ್ಟಿ ಪೆಟ್ಟಿಗೆಯಾಗಿದ್ದರೆ ಉಸಿರಾಡಲು ಆಗುತ್ತಿರಲಿಲ್ಲ, ಅಲ್ವಾ?

ಬೆನ್ನು ಮತ್ತು ಬಾಗಿಲ ಚೌಕಟ್ಟು

ತಲೆ ಪೂರ್ತಿ ಬಗ್ಗಿಸಿ. ಶರ್ಟಿನ ಕಾಲರ್ ಕೂರುವ ಕಡೆ ಎದ್ದು ಸಿಗುವ ಗುಬುಟು ಕುತ್ತಿಗೆಯ 7ನೇ ಮೂಳೆ. ಕುತ್ತಿಗೆಯಲ್ಲಿ ಇರುವುದೇ ಏಳು. ಜಿರಾಫೆಗೂ ಏಳೇ, ಒಂದೊಂದೂ ಉದ್ದ ಅಷ್ಟೇ. ಅಲ್ಲಿಂದ ಕೆಳಗೆ ಪಕ್ಕೆಲುಬು ಹೊತ್ತ 12, ಸೊಂಟದಲ್ಲಿ 5. ಕೊನೆಗೆ ಬೆಸೆದು ಒಂದಾದ ತ್ರಿಕಾಸ್ಥಿ, ಅದರ ತುದಿಗೆ ಬಾಲದ ಮೂಳೆ.

ಈಗ ಜಗಳಕ್ಕೆ ನಿಂತವರ ಹಾಗೆ ಎರಡೂ ಕೈ ಸೊಂಟದ ಮೇಲಿಡಿ. ಕೈ ಕೂತಿರುವುದು ಸೊಂಟದೆಲುಬಿನ ಮೇಲಂಚಿನ ಮೇಲೆ. ಎರಡೂ ಅಂಚುಗಳನ್ನು ಬೆನ್ನ ಮೇಲೆ ಒಂದು ಅಡ್ಡಗೆರೆ ಎಳೆದು ಸೇರಿಸಿದರೆ, ಗೆರೆ ಸೊಂಟದ 4ನೇ ಮೂಳೆಯ ಮಟ್ಟಕ್ಕೆ ಬರುತ್ತದೆ. ಸಿಸೇರಿಯನ್‌ಗೆ ಮೊದಲು ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಈ ಗೆರೆಯೇ ಗುರುತು. ಬೆನ್ನುಹುರಿ ಅದಕ್ಕಿಂತ ಮೇಲೆ, ಸಾಮಾನ್ಯವಾಗಿ ಸೊಂಟದ 1-2ನೇ ಮೂಳೆಯ ಹತ್ತಿರವೇ ಮುಗಿದಿರುತ್ತದೆ. ಕೆಳಗಿರುವುದು ಸಡಿಲವಾದ ನರದ ಎಳೆಗಳು. ಸೂಜಿ ಚುಚ್ಚಲು ಆ ಜಾಗವೇ ಯಾಕೆ ಅನ್ನುವುದಕ್ಕೆ ಇದೇ ಉತ್ತರ.

ಪೆನ್ಸಿಲ್ ಬೇಕಾಗುವುದು ಇಲ್ಲಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ತಕ್ಷಣ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಎತ್ತರ ಗುರುತು ಮಾಡಿಸಿಕೊಳ್ಳಿ. ರಾತ್ರಿ ಮಲಗುವ ಮೊದಲು ಇನ್ನೊಮ್ಮೆ. ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕುಳ್ಳಗಾಗಿರುತ್ತೀರಿ. ಮೂಳೆ ಸವೆದಿಲ್ಲ. ಬೆನ್ನುಮೂಳೆಗಳ ನಡುವಿನ ಡಿಸ್ಕುಗಳು ಇಡೀ ದಿನದ ಭಾರಕ್ಕೆ ನೀರು ಬಿಟ್ಟು ಚಪ್ಪಟೆಯಾಗಿವೆ, ನಿದ್ದೆಯಲ್ಲಿ ಮತ್ತೆ ಹೀರಿಕೊಳ್ಳುತ್ತವೆ.

ತಲೆ

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಅಲ್ಲಿ ಹೊರಳುವುದು ಕೆಳದವಡೆ. ತಲೆಬುರುಡೆಯ 22 ಮೂಳೆಗಳಲ್ಲಿ ಅಲುಗಾಡುವುದು ಅದೊಂದೇ.

ಗಲ್ಲದ ಕೆಳಗೆ, ಗಂಟಲು ಶುರುವಾಗುವ ಕಡೆ ಎರಡೂ ಬದಿಯಿಂದ ಹಗುರವಾಗಿ ಹಿಡಿದು ಎಂಜಲು ನುಂಗಿ. ಮೇಲೆದ್ದು ಇಳಿಯುವ ಲಾಳದಂಥದ್ದು ಹಯಾಯ್ಡ್ ಮೂಳೆ. ಇಡೀ ಮೈಯಲ್ಲಿ ಬೇರೆ ಯಾವ ಮೂಳೆಗೂ ಕೂಡದೆ ಒಂಟಿಯಾಗಿರುವುದು ಇದು. ಎಲುಬಿಲ್ಲದ ನಾಲಿಗೆ ಅಂತ ಬೈಯುತ್ತೇವಲ್ಲ, ಆ ನಾಲಿಗೆಯ ಬುಡ ಕಚ್ಚಿಕೊಂಡಿರುವುದು ಈ ಎಲುಬನ್ನೇ.

ಮನೆಯಲ್ಲಿ ಹಸುಗೂಸಿದ್ದರೆ ನೆತ್ತಿ ನೋಡಿ, ಒತ್ತಬೇಡಿ. ಅಲ್ಲಿ ಬುರುಡೆಯ ಮೂಳೆಗಳು ಇನ್ನೂ ಕೂಡಿಲ್ಲ, ಅದಕ್ಕೇ ಮಿಡಿಯುವುದು ಕಾಣುತ್ತದೆ. ಹೆರಿಗೆಯಲ್ಲಿ ತಲೆ ಸ್ವಲ್ಪ ಒತ್ತಿಕೊಂಡು ಹೊರಬರಲು, ಆಮೇಲೆ ಮಿದುಳು ಬೆಳೆಯಲು ಈ ಜಾಗ ಬೇಕು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಹುಟ್ಟುವಾಗ ಮಗುವಿಗೆ 300ರ ಹತ್ತಿರ ಮೂಳೆ ತುಂಡುಗಳಿರುತ್ತವೆ. ಬೆಳೆದ ಹಾಗೆ ಒಂದಕ್ಕೊಂದು ಬೆಸೆದು 206ಕ್ಕೆ ಇಳಿಯುತ್ತವೆ. ದೊಡ್ಡವರಾದ ಹಾಗೆ ಮೂಳೆ ಕಡಿಮೆಯಾಗುತ್ತದೆ!

ಕೈಗೆ ಜಾಸ್ತಿ ಹೊತ್ತು ಕೊಡಿ

ಮೊಣಕೈ ಮೇಜಿನ ಮೇಲೆ ಊರಿ, ಅಂಗೈ ಮೇಲೆ ಮಾಡಿ. ಈಗ ಕವುಚಿ. ಮೊಣಕೈ ಅಲುಗದೆ ಅಂಗೈ ಹೇಗೆ ತಿರುಗಿತು? ಮುಂಗೈಯಲ್ಲಿ ಎರಡು ಮೂಳೆ. ಕಿರುಬೆರಳ ಕಡೆಯದು ತನ್ನ ಪಾಡಿಗೆ ಇರುತ್ತದೆ, ಹೆಬ್ಬೆರಳ ಕಡೆಯದು ಅದರ ಮೇಲೆ ಅಡ್ಡ ಹಾದು ಮಲಗುತ್ತದೆ. ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತಿರುಗಿಸಿದರೆ ಇದು ಗೊತ್ತಾಗುತ್ತದೆ. ಬೀಗ ತೆರೆಯುವುದು, ದೋಸೆ ಮಗುಚುವುದು ಎಲ್ಲ ಇದರ ಕೃಪೆ. ಮೊಣಕೈ ತಾಗಿದಾಗ ಕರೆಂಟ್ ಹೊಡೆದ ಹಾಗಾಗುವುದು ಮಾತ್ರ ಮೂಳೆಯದಲ್ಲ, ಅದರ ಹಿಂದೆ ಹಾದುಹೋಗುವ ನರದ್ದು.

ಇನ್ನು ಬೆರಳು. ನಮ್ಮಜ್ಜಿ ಹಾಲಿನ ಲೆಕ್ಕವನ್ನು ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆರೆ ಮುಟ್ಟಿಕೊಂಡು ಹಾಕುತ್ತಿದ್ದಳು. ಬೆರಳಿಗೆ ಮೂರರಂತೆ ಹನ್ನೆರಡು. ಅಜ್ಜಿ ಎಣಿಸುತ್ತಿದ್ದದ್ದು ಮೂಳೆಗಳನ್ನೇ! ಹೆಬ್ಬೆರಳಿನ ಎರಡು ಸೇರಿದರೆ 14. ಮುಷ್ಟಿ ಕಟ್ಟಿ ಜನವರಿ, ಫೆಬ್ರವರಿ ಅಂತ ಎಣಿಸುವ ಗೆಣ್ಣುಗಳು ಅಂಗೈಯ ಮೂಳೆಗಳ ತಲೆಗಳು. ಹೆಬ್ಬೆರಳಿನದೂ ಸೇರಿ ಅಂಗೈಯಲ್ಲಿ 5. ಮಣಿಕಟ್ಟಿನಲ್ಲಿ ಗೋಲಿಗಳ ಹಾಗೆ 8. ಅಲ್ಲಿಗೆ ಒಂದು ಕೈಗೆ 27 ಆಯಿತು.

ಹೆಬ್ಬೆರಳನ್ನು ಹಿಂದಕ್ಕೆ ಸೆಟೆಸಿ ನೋಡಿ. ಅದರ ಬುಡದಲ್ಲಿ, ಸ್ನಾಯುವನ್ನು ಮೂಳೆಗೆ ಕಟ್ಟುವ ಎರಡು ಹಗ್ಗದಂಥ ಸ್ನಾಯುರಜ್ಜುಗಳ ನಡುವೆ ಸಣ್ಣ ಗುಳಿ ಬೀಳುತ್ತದೆ. ನಶ್ಯ ಸೇದುವವರು ಪುಡಿ ಇಟ್ಟುಕೊಳ್ಳುವ ಗುಳಿ. ವೈದ್ಯರ ಪುಸ್ತಕದಲ್ಲೂ ಇದರ ಹೆಸರು ನಶ್ಯದ ಡಬ್ಬಿ ಅಂತಲೇ. ಅದರ ತಳದಲ್ಲಿ ದೋಣಿಯಾಕಾರದ ಸ್ಕೇಫಾಯ್ಡ್ ಮೂಳೆ ಇದೆ. ನಾನು ಸ್ಕೂಟರಿನಿಂದ ಬಿದ್ದಾಗ ಅಂಗೈ ಊರಿದ್ದೆ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ನಾನು ಎದ್ದು ಹೊರಡುವವನಿದ್ದೆ. ವೈದ್ಯೆ ಈ ಗುಳಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು. ಕುರ್ಚಿಯಿಂದ ಹಾರಿಬಿದ್ದೆ. "ಕೂತ್ಕೊಳ್ಳಿ, ಪ್ಲಾಸ್ಟರ್ ಹಾಕ್ತೀನಿ. ಹತ್ತು ದಿನ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆಯೋಣ" ಅಂದರು. ಎರಡನೆಯದರಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಹೋಗುತ್ತದೆ. ನಡುವೆ ಮುರಿದರೆ ಆಚೆ ತುಂಡಿಗೆ ರಕ್ತವೇ ಸಿಗದೆ ಸಾಯಬಹುದು. ಬಿದ್ದ ಮೇಲೆ ಈ ಗುಳಿ ಒತ್ತಿದರೆ ನೋವಾಗುತ್ತಿದ್ದರೆ 'ಉಳುಕು' ಅಂತ ಎಣ್ಣೆ ತಿಕ್ಕಿಸಿಕೊಳ್ಳಬೇಡಿ.

ಕಾಲು, ಬೇಗ ಬೇಗ

ಅಂಗೈ ಮೇಲೆ ಮಾಡಿ ಗಟ್ಟಿ ಕುರ್ಚಿಯಲ್ಲಿ ಕೈ ಮೇಲೇ ಕುಳಿತುಕೊಳ್ಳಿ. ಒತ್ತುವ ಎರಡು ಗುಂಡು ತುದಿಗಳ ಮೇಲೆಯೇ ನಾವು ಜೀವನಪೂರ್ತಿ ಕೂರುವುದು. ತೊಡೆ ಮೂಳೆ ಮೈಯಲ್ಲೇ ಉದ್ದ, ನಿಮ್ಮ ಎತ್ತರದ ಸುಮಾರು ಕಾಲು ಭಾಗ. ಆದರೆ ಮಾಂಸದಲ್ಲಿ ಹುದುಗಿ ಕೈಗೆ ಸಿಗುವುದಿಲ್ಲ. ಕಾಲು ಚಾಚಿ ಸಡಿಲ ಬಿಟ್ಟು ಮಂಡಿಚಿಪ್ಪನ್ನು ಆಚೀಚೆ ತಳ್ಳಿ, ಜಾರುತ್ತದೆ. ತೊಡೆ ಬಿಗಿಮಾಡಿ, ಕಚ್ಚಿಕೊಳ್ಳುತ್ತದೆ. ಹರಡಿನ ಎರಡು ಗುಬುಟು ಒಂದೇ ಮೂಳೆಯದಲ್ಲ. ಒಳಗಿನದು ಮೊಣಕಾಲ ಕೆಳಗಿನ ದಪ್ಪ ಮೂಳೆಯ ತುದಿ, ಹೊರಗಿನದು ಪಕ್ಕದ ತೆಳು ಮೂಳೆಯದು. ಪಾದಕ್ಕೆ 26. ಎರಡು ಕೈ, ಎರಡು ಪಾದ ಸೇರಿದರೆ 106, ಅಂದರೆ ಒಟ್ಟು ಮೂಳೆಗಳ ಅರ್ಧಕ್ಕಿಂತ ಜಾಸ್ತಿ.

ಕೊನೆಗೆ ಅಡುಗೆಮನೆ

ಭಾನುವಾರದ ಮಟನ್ ಸಾರಿನ ನಲ್ಲಿ ಮೂಳೆಯನ್ನು ತಟ್ಟೆಗೆ ಕುಟ್ಟುವ ಮೊದಲು ಒಮ್ಮೆ ನೋಡಿ. ಹೊರಗೆ ಗಟ್ಟಿ ಕೊಳವೆ. ತುದಿಯಲ್ಲಿ ಸ್ಪಂಜಿನ ಹಾಗೆ ತೂತು ತೂತು. ಗಟ್ಟಿತನ ಉಳಿಸಿಕೊಂಡು ತೂಕ ಇಳಿಸುವ ಉಪಾಯ ಇದು. ಒಳಗಿನ ಮಜ್ಜೆ ಬಾಯಿಗೆ ರುಚಿ ಅನ್ನುವುದು ನಮ್ಮ ಲೆಕ್ಕ. ಮೈಗೆ ಅದು ರಕ್ತದ ಕಾರ್ಖಾನೆ. ನಮ್ಮೊಳಗೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ಹುಟ್ಟುತ್ತವೆ. ದೊಡ್ಡವರಲ್ಲಿ ಈ ಕೆಲಸ ಹೆಚ್ಚಾಗಿ ಎದೆಮೂಳೆ, ಪಕ್ಕೆಲುಬು, ಬೆನ್ನು, ಸೊಂಟದೆಲುಬಿನಲ್ಲಿ ನಡೆಯುತ್ತದೆ.

ಮೂಳೆ ಕ್ಯಾಲ್ಸಿಯಂ ಕಣಜವೂ ಹೌದು. ಮೈಯಲ್ಲಿರುವ ಕ್ಯಾಲ್ಸಿಯಂನ ಶೇ 99ರಷ್ಟು ಮೂಳೆ, ಹಲ್ಲುಗಳಲ್ಲೇ ಇದೆ. ರಕ್ತದಲ್ಲಿ ಕಮ್ಮಿಯಾದರೆ ಕಣಜದಿಂದ ತೆಗೆಯುತ್ತದೆ. ತುಂಬುವುದು ನಮ್ಮ ಊಟದ ಕೆಲಸ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಬೇಡದ್ದೂ ಕಣಜ ಸೇರುತ್ತದೆ. ಪಾವಗಡದಂಥ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರುತ್ತದೆ. ವರ್ಷಗಟ್ಟಲೆ ಅದನ್ನೇ ಕುಡಿದವರ ಮೂಳೆಯಲ್ಲಿ ಅದು ಕೂತು, ಬೆನ್ನು, ಕೀಲು ಸೆಟೆದುಕೊಳ್ಳುತ್ತವೆ.

ಈಗ ವಿನೆಗರ್ ಡಬ್ಬಿ ತೆರೆಯಿರಿ. ಮೂಳೆ ತೊಳೆದು ಎರಡೂ ತುದಿ ಹಿಡಿದು ಬಗ್ಗಿಸಿ. ರಬ್ಬರಿನ ಹಾಗೆ ಬಾಗುತ್ತದೆ. ವಿನೆಗರಿನ ಹುಳಿ ಕ್ಯಾಲ್ಸಿಯಂ ತಿಂದುಹಾಕಿದೆ, ಉಳಿದಿರುವುದು ಕೊಲಾಜೆನ್ ಅನ್ನುವ ನಾರು. ಗೋಡೆಗೆ ಸಿಮೆಂಟೂ ಬೇಕು, ಒಳಗೆ ಕಬ್ಬಿಣದ ಸರಳೂ ಬೇಕು ಅಂತಾರಲ್ಲ, ಹಾಗೆ. ಮಕ್ಕಳ ಮೂಳೆಯಲ್ಲಿ ಈ ನಾರಿನ ಪಾಲು ಹೆಚ್ಚು. ಅದಕ್ಕೇ ಅದು ಹಸಿ ಕಡ್ಡಿಯ ಹಾಗೆ ಒಂದು ಮಗ್ಗುಲು ಸೀಳಿ, ಇನ್ನೊಂದು ಮಗ್ಗುಲು ಬಗ್ಗಿ ನಿಲ್ಲುವುದುಂಟು. ನಿಮ್ಮ ಕೋಳಿ ಮೂಳೆ ನಡುವೆ ಇನ್ನೂ ಗಟ್ಟಿ ಅನಿಸಿದರೆ ಹುಳಿ ಒಳಗೆ ಇಳಿದಿಲ್ಲ ಅಂತ. ವಿನೆಗರ್ ಬದಲಿಸಿ ಇನ್ನೆರಡು ದಿನ ಬಿಡಿ.