ಬಾಟಲಿ ಕುಲುಕದೆ ಮಾಡಿದ ಟೆಸ್ಟ್

ಕರಾವಳಿಯ ಒಂದು ರಿಫೈನರಿಯ ಲ್ಯಾಬಿನಲ್ಲಿ ನಾನು ಕೆಮಿಸ್ಟ್. ಕೆಲಸಕ್ಕೆ ಸೇರುವ ಮೊದಲು ಕಚ್ಚಾ ಎಣ್ಣೆ ಎಲ್ಲ ಕಡೆಯದೂ ಒಂದೇ, ಕರಿ ಟಾರಿನ ಹಾಗೆ ಅಂದುಕೊಂಡಿದ್ದೆ. ಹಾಗಿಲ್ಲ. ಮುಂಬೈ ಕಡಲಿನ ಬಾಂಬೆ ಹೈ ಎಣ್ಣೆಯಲ್ಲಿ ಮೇಣ ಜಾಸ್ತಿ. ಎಸಿ ರೂಮಿನಲ್ಲಿಟ್ಟರೆ ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುತ್ತದೆ. ಆದರೆ ಗಂಧಕ ತೀರಾ ಕಡಿಮೆ. ಸೌದಿಯ ಅರಬ್ ಹೆವಿ ಎಂಬ ಎಣ್ಣೆ ಅದೇ ರೂಮಿನಲ್ಲಿ ಆರಾಮಾಗಿ ಹರಿಯುತ್ತದೆ, ಗಂಧಕ ಮಾತ್ರ ಶೇ. 3ರ ಹತ್ತಿರ.

ತೂಕ ಹಾಕಿದರೆ ಎರಡರಲ್ಲೂ ಕಾರ್ಬನ್ ಸುಮಾರು ಶೇ. 83ರಿಂದ 87, ಹೈಡ್ರೋಜನ್ ಶೇ. 10ರಿಂದ 14. ವ್ಯತ್ಯಾಸ ಇರುವುದು ಆ ಕಾರ್ಬನ್ ಸರಪಳಿ ಎಷ್ಟು ಉದ್ದ, ಎಷ್ಟು ಉಂಗುರ ಅನ್ನುವುದರಲ್ಲಿ. ಉಳಿದ ಚೂರುಪಾರಿನಲ್ಲಿ ಗಂಧಕ, ನೈಟ್ರೋಜನ್, ನಿಕಲ್, ವೆನೇಡಿಯಂ ಎಲ್ಲ ಬರುತ್ತವೆ.

ನನ್ನ ಮಾನ ಕಳೆದದ್ದು ಮಾತ್ರ ಉಪ್ಪು.

ಉಪ್ಪು ಎಣ್ಣೆಯಲ್ಲಿ ಕರಗಿರುವುದಿಲ್ಲ. ಎಣ್ಣೆಯೊಳಗೆ ಸಿಕ್ಕಿಕೊಂಡ ಸಣ್ಣ ಸಣ್ಣ ನೀರಹನಿಗಳಲ್ಲಿರುತ್ತದೆ. ಅದಕ್ಕೇ ಮೊದಲು ಉಪ್ಪು ತೆಗೆಯುವ ಡಿಸಾಲ್ಟರ್. ಬಿಸಿ ಎಣ್ಣೆಗೆ ಒಳ್ಳೆ ನೀರು ಬೆರೆಸಿ ಕರೆಂಟ್ ಕೊಟ್ಟರೆ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಕೆಳಗಿಳಿಯುತ್ತವೆ, ಉಪ್ಪನ್ನೂ ಜೊತೆಗೆ ಒಯ್ಯುತ್ತವೆ. ಸಾವಿರ ಬ್ಯಾರೆಲ್, ಅಂದರೆ 1.59 ಲಕ್ಷ ಲೀಟರ್ ಎಣ್ಣೆಯಲ್ಲಿ ಒಂದು ಪೌಂಡಿಗಿಂತ ಕಡಿಮೆ ಉಪ್ಪು ಉಳಿಯಬೇಕು. ಅರ್ಧ ಕೆಜಿಯೂ ಅಲ್ಲ!

ಸೇರಿದ ಹೊಸತು, ನೈಟ್ ಶಿಫ್ಟ್. ಡಿಸಾಲ್ಟರ್ ದಾಟಿ ಬಂದ ಎಣ್ಣೆಯ ಸ್ಯಾಂಪಲ್ ಮೇಜಿನ ಮೇಲಿತ್ತು. ಸುಮ್ನೆ ಚಹಾಕ್ಕೆ ಹೋಗಿ ಬಂದೆ. ಬಂದವನೇ ಬಾಟಲಿಯ ಮೇಲ್ಭಾಗದಿಂದ ಪಿಪೆಟ್‌ನಲ್ಲಿ ಎಣ್ಣೆ ಎಳೆದು, ಕ್ಸೈಲೀನ್, ಆಲ್ಕೋಹಾಲ್ ಸೇರಿಸಿ, ಉಪ್ಪು ಎಷ್ಟಿದೆ ತಿಳಿಯಲು ಅದರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ನೋಡಿದೆ. ಲೆಕ್ಕ ಒಂದು ಪೌಂಡಿನೊಳಗೇ ಬಂತು. ಖುಷಿಯಾಗಿ ಬರೆದು ಕಳಿಸಿದೆ.

ಐದು ಗಂಟೆಗೆ ಕಂಟ್ರೋಲ್ ರೂಮಿನಿಂದ ಫೋನ್. "ಎಂಥ ಮಾರಾಯ್ರೇ, ಉಪ್ಪು ಇಲ್ಲ ಅಂತೀರಿ, ಇಲ್ಲಿ ಟಾಪ್ ಡ್ರಮ್ಮಿನ ನೀರಿನ ಪಿಎಚ್ 4ಕ್ಕೆ ಇಳಿದಿದೆ!"

ಆಗಬೇಕಾದ್ದೇ ಅದು. ಫರ್ನೇಸಿನಲ್ಲಿ ಎಣ್ಣೆ 360 ಡಿಗ್ರಿ ಆಸುಪಾಸಿಗೆ ಕಾಯುತ್ತದೆ. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಎಣ್ಣೆಯೇ ಒಡೆದು ಪೈಪಿನಲ್ಲಿ ಇದ್ದಿಲಿನಂಥ ಕೋಕ್ ಕಟ್ಟುತ್ತದೆ. ಆ ಬಿಸಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಕ್ಲೋರೈಡ್ ನೀರಿನ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಸಿಡ್ ಆಗುತ್ತವೆ. ಎಣ್ಣೆಯನ್ನು ಬೇರೆ ಬೇರೆ ಮಾಡುವ ಕಾಲಮ್ಮಿನಲ್ಲಿ ಡೀಸೆಲ್ ಕೆಳಗೆ, ಸೀಮೆಎಣ್ಣೆ ಅದರ ಮೇಲೆ, ಪೆಟ್ರೋಲಿನಂಥ ಹಗುರ ನಾಫ್ತಾ ಎಲ್ಲಕ್ಕಿಂತ ಮೇಲೆ ಅಲ್ವಾ? ಆಸಿಡ್ ಆವಿಯೂ ನಾಫ್ತಾ ಜೊತೆ ಮೇಲೇರುತ್ತದೆ. ಆ ಆವಿ ಟಾಪ್ ಡ್ರಮ್ಮಿಗೆ ಬರುವ ದಾರಿಯಲ್ಲಿ ತಣ್ಣಗಾಗುವಾಗ ಮೊದಲ ನೀರಹನಿ ಎಲ್ಲಿ ಹುಟ್ಟುತ್ತದೋ ಅಲ್ಲೇ ಕಬ್ಬಿಣ ತಿನ್ನಲು ಶುರು. ಡೀಸೆಲ್‌ನಲ್ಲಿ ಗಂಧಕ ಉಳಿದರೆ ಮುಂದೆ ಹೈಡ್ರೋಜನ್ ಕೊಟ್ಟು ತೆಗೆಯಬಹುದು. ಪೈಪಿಗೆ ತೂತು ಬಿದ್ದರೆ ಏನು ಮಾಡುವುದು?

ಅದೇ ಸ್ಯಾಂಪಲನ್ನು ಚೆನ್ನಾಗಿ ಕುಲುಕಿ ಮತ್ತೆ ಟೆಸ್ಟ್ ಮಾಡಿದೆ. ಆರು ಪೌಂಡ್! ಕಂಟ್ರೋಲ್ ರೂಮಿನವರು ಡಿಸಾಲ್ಟರಿಗೆ ನೀರು ಹೆಚ್ಚಿಸಿದರು, ಮೇಲೆ ಆಸಿಡ್ ಅಡಗಿಸುವ ಅಮೀನ್ ಹೆಚ್ಚಿಸಿದರು. ಶಿಫ್ಟ್ ಮುಗಿಯುವಾಗ ಪಿಎಚ್ ಐದೂವರೆ ದಾಟಿತ್ತು.

ಬೆಳಗ್ಗೆ ಬಂದ ಹಿರಿಯರು ಬೈಯಲಿಲ್ಲ. ಉಳಿದ ಎಣ್ಣೆಗೆ ಟಾಲ್ಯೂಯೀನ್ ದ್ರಾವಕ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಟ್ಯೂಬನ್ನು ಬೆಳಕಿಗೆ ಹಿಡಿದರು. ಕರಿ ಎಣ್ಣೆಯ ಕೆಳಗೆ, ಚೂಪು ತುದಿಯಲ್ಲಿ ಒಂದೇ ತೊಟ್ಟು ನೀರು.

"ನೋಡು ಮಾರಾಯ, ನಿನ್ನ ಉಪ್ಪು ಇಲ್ಲುಂಟು."