ದರ ಮುಂಬೈಯಿಂದ, ಖರ್ಚು ಬೆಳಗಾವಿಯಿಂದ: ವಿದೇಶ ಟೂರ್ ಕಂಪನಿ ಆರಿಸಿದ ಬಗೆ

ಬೆಳಗಾವಿಯಲ್ಲಿ ಕೂತು ಯುರೋಪ್ ಟೂರ್ ಹುಡುಕಿದರೆ ಕೈಗೆ ಬರುವ ಬ್ರೋಷರ್‌ಗಳು ಬಹುತೇಕ ಮುಂಬೈ, ಪುಣೆ ಇಲ್ಲವೇ ಬೆಂಗಳೂರಿನ ಕಂಪನಿಗಳವು. ಅವುಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ದರ ಮುಂಬೈ ವಿಮಾನ ನಿಲ್ದಾಣದಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಆ ದರವನ್ನು ಪಕ್ಕಕ್ಕಿಟ್ಟು, ಮೂರು ಕಂಪನಿಗಳ 10 ರಾತ್ರಿಯ ಟೂರ್‌ಗಳನ್ನು ಒಂದೇ ಹಾಳೆಯಲ್ಲಿ ಗೆರೆ ಎಳೆದು ಬರೆದುಕೊಂಡೆ. ಮೊದಲ ಸಾಲು: ಮನೆ ಬಿಟ್ಟು ಮನೆ ಸೇರುವ ತನಕ ಒಬ್ಬರಿಗೆ ಒಟ್ಟು ಎಷ್ಟು?

ಈ ಸಾಲಿನಲ್ಲೇ ಲೆಕ್ಕ ತಲೆಕೆಳಗಾಗುತ್ತದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಮುಂಬೈಗೆ ಹೋಗುವ ವಿಮಾನದ ಟಿಕೆಟ್ ಬೇರೆ, ಟೂರಿನವರ ಟಿಕೆಟ್ ಬೇರೆ. ಇಲ್ಲಿಯ ವಿಮಾನ ತಡವಾಗಿ ಅಲ್ಲಿಯದು ತಪ್ಪಿದರೆ ಯಾರೂ ಹೊಣೆಯಲ್ಲ. ಅದಕ್ಕೇ ಹಿಂದಿನ ದಿನವೇ ಹೋಗಿ ಮುಂಬೈಯಲ್ಲಿ ಒಂದು ರಾತ್ರಿ ಉಳಿಯುವ ಖರ್ಚನ್ನು ಸೇರಿಸಿದೆ. ಇಲ್ಲವೆಂದರೆ ರಾತ್ರಿಯ ಸ್ಲೀಪರ್ ಬಸ್ಸು. ಲಗೇಜಿನದೂ ಇದೇ ಕಥೆ: ಹೊರದೇಶದ ಟಿಕೆಟ್ ಮೇಲೆ 23 ಕೆಜಿ ಬರೆದಿದ್ದರೂ ಇಲ್ಲಿಂದ ಹೊರಡುವ ದೇಶೀಯ ಟಿಕೆಟ್ ಮೇಲೆ ಸಾಮಾನ್ಯವಾಗಿ 15 ಕೆಜಿ. ಮೇಲಿನ 8 ಕೆಜಿಗೆ ಹೋಗುವಾಗಲೂ ಬರುವಾಗಲೂ ದುಡ್ಡು.

ಎರಡನೇ ಸಾಲು ಕರೆನ್ಸಿಯದು. ದರ ಎರಡು ಭಾಗದಲ್ಲಿ ಇರುತ್ತದೆ. ಉದಾಹರಣೆಗೆ 95,000 ರೂಪಾಯಿ, ಜೊತೆಗೆ 1,500 ಯೂರೋ. ಯೂರೋ ಭಾಗಕ್ಕೆ ಬುಕ್ ಮಾಡಿದ ದಿನದ ರೇಟ್ ಅಲ್ಲ, ಕಂತು ಕಟ್ಟುವ ದಿನದ ರೇಟ್. ನಡುವೆ ಯೂರೋ 5 ರೂಪಾಯಿ ಏರಿದರೆ ತಲೆಗೆ 7,500, ಗಂಡ-ಹೆಂಡತಿಗೆ 15,000 ಹೆಚ್ಚು. ಕಂಪನಿ ಬ್ಯಾಂಕಿನ ರೇಟ್ ಹಿಡಿಯುತ್ತದೋ ತನ್ನದೇ ರೇಟ್ ಹಾಕುತ್ತದೋ ಅಂತ ಕೇಳಿ. ಮೇಲೆ 5% ಜಿಎಸ್‌ಟಿ, ಆಮೇಲೆ ಟಿಸಿಎಸ್, ಅಂದರೆ ಕಂಪನಿ ನಮ್ಮಿಂದ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. 2025ರ ಏಪ್ರಿಲ್‌ನಲ್ಲಿ ಟಿಸಿಎಸ್ ವರ್ಷಕ್ಕೆ 10 ಲಕ್ಷದ ತನಕ 5%, ಅದರಾಚೆ 20% ಎಂದಾಗಿತ್ತು. ಬಜೆಟ್ ಬಂದಾಗ ಈ ದರ ಬದಲಾಗುತ್ತಿರುತ್ತದೆ, ಹಾಗಾಗಿ ಕಟ್ಟುವ ದಿನದ ದರ ಕೇಳಿಕೊಳ್ಳಬೇಕು. ಟಿಸಿಎಸ್ ಮುಳುಗಿದ ದುಡ್ಡಲ್ಲ. ಅದು ಆದಾಯ ತೆರಿಗೆ ಇಲಾಖೆಯಲ್ಲಿ ನಮ್ಮ ಪ್ಯಾನ್ ಹೆಸರಿನ ಲೆಕ್ಕದಲ್ಲಿ ಕಾಣುತ್ತದೆ, ರಿಟರ್ನ್ಸ್ ಹಾಕಿದರೆ ತೆರಿಗೆಗೆ ಹೊಂದಿಕೊಳ್ಳುತ್ತದೆ ಅಥವಾ ವಾಪಸ್ ಬರುತ್ತದೆ. ಆದ್ದರಿಂದ ರಿಟರ್ನ್ಸ್ ಹಾಕುವವರ ಪ್ಯಾನ್ ಕೊಡಿ.

ಇನ್ನು ದಿನವಹಿ ಕಾರ್ಯಕ್ರಮ. ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ, ಜನ ಓದದೆ ಬಿಡುವುದೂ ಇದನ್ನೇ. ಎರಡು ಬಣ್ಣದ ಪೆನ್ ಹಿಡಿದು ಕೂತೆ: ಟಿಕೆಟ್ ಸೇರಿರುವ ಜಾಗಕ್ಕೆ ಹಸಿರು, ಹೊರಗಿನಿಂದ ನೋಡುವುದಕ್ಕೆ ಕೆಂಪು. ‘ಫೋಟೋ ಸ್ಟಾಪ್’, ‘ಪನೋರಮಿಕ್ ಟೂರ್’ ಎಂದರೆ ಒಳಗೆ ಹೋಗುವುದಿಲ್ಲ ಎಂದೇ ಅರ್ಥ. ಕೆಲವೊಮ್ಮೆ ಬಸ್ಸಿನಿಂದ ಇಳಿಯುವುದೂ ಇಲ್ಲ. ‘ಆಪ್ಷನಲ್’ ಎಂದರೆ ಅಲ್ಲಿ ಹೋದಮೇಲೆ ಯೂರೋದಲ್ಲಿ ಕಟ್ಟುವುದು. ಐಫೆಲ್ ಗೋಪುರ ಅಂತ ಬರೆದರೆ ಸಾಲದು: ಎರಡನೇ ಹಂತ 116 ಮೀಟರ್, ತುದಿಯ ಹಂತ 276 ಮೀಟರ್, ಟಿಕೆಟ್ ಬೇರೆ ಬೇರೆ. ಸ್ವಿಟ್ಜರ್ಲೆಂಡಿನ ‘ಹಿಮ ಶಿಖರ’ 3,020 ಮೀಟರ್ ತನಕ ಕೇಬಲ್ ಕಾರ್ ಹೋಗುವ ಟಿಟ್ಲಿಸ್ಸೋ 3,454 ಮೀಟರಿನ ಯುಂಗ್‌ಫ್ರೌಯೋಕೋ, ಎರಡೂ ಇದೆಯೋ, ಒಂದೇ ಇದೆಯೋ? ಅಗ್ಗದ ಟೂರ್ ಅಗ್ಗವಾಗುವುದು ಬಹಳ ಸಲ ಇಲ್ಲೇ.

ಆಮೇಲೆ ಬಸ್ಸಿನ ಗಂಟೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಚಾಲಕ ದಿನಕ್ಕೆ 9 ಗಂಟೆ ಓಡಿಸಬಹುದು (ವಾರದಲ್ಲಿ ಎರಡು ದಿನ 10), ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಬಸ್ಸಿನಲ್ಲೇ ಇದರ ದಾಖಲೆ ಬೀಳುತ್ತದೆ. ನಮ್ಮ ಕಡೆಯ ಹಾಗೆ ‘ಇನ್ನೊಂದು ತಾಸು ಹೊಡೀರಿ’ ಅನ್ನುವಂತಿಲ್ಲ. ಒಂದು ಬ್ರೋಷರ್‌ನಲ್ಲಿ ಪ್ಯಾರಿಸ್ ಬಿಟ್ಟು, ಬ್ರಸೆಲ್ಸ್ ನೋಡಿ, ಆಮ್‌ಸ್ಟರ್‌ಡ್ಯಾಮ್ ಸೇರಿ, ದೋಣಿ ವಿಹಾರ ಮುಗಿಸುವುದು ಒಂದೇ ದಿನ ಅಂತಿತ್ತು. ಒಟ್ಟು ಸುಮಾರು 520 ಕಿ.ಮೀ. ಓಟವೇ ಆರೂವರೆಯಿಂದ ಏಳು ಗಂಟೆ, ಮೇಲೆ ವಿಶ್ರಾಂತಿ, ಊಟ. ಬ್ರಸೆಲ್ಸ್‌ಗೆ ಉಳಿಯುವುದು ತಾಸೊಪ್ಪತ್ತು. ಆ ಕಂಪನಿಯನ್ನು ಹೊಡೆದು ಹಾಕಿದ್ದು ಈ ಒಂದು ದಿನದ ಮೇಲೇ.

ಹೋಟೆಲ್ ‘ಪ್ಯಾರಿಸ್’ ಅಂತ ಇದ್ದರೂ ಊರಿಂದ 25-30 ಕಿ.ಮೀ. ಹೊರಗೆ ಇರಬಹುದು. ಹಿಂದಿನ ತಂಡ ಉಳಿದಿದ್ದ ಹೋಟೆಲುಗಳ ಹೆಸರು ಕೇಳಿ ಮ್ಯಾಪ್‌ನಲ್ಲಿ ಹಾಕಿ ನೋಡಿದೆ. ಹೆಸರು ಕೊಡಲು ಹಿಂದೆಮುಂದೆ ನೋಡಿದವರ ಹಾಳೆಯ ಮೇಲೆ ಪ್ರಶ್ನೆ ಚಿಹ್ನೆ ಬಿತ್ತು. ಮೂವರು ಒಂದೇ ಕೋಣೆಯಲ್ಲಿ ಇದ್ದರೆ ಮೂರನೆಯದು ಬಹಳ ಸಲ ಮಡಚುವ ಮಂಚ. ವಯಸ್ಸಾದವರಿಗೆ ಅದು ಬೇಡ.

ವೀಸಾಕ್ಕೆ ಮೂರು ಪ್ರಶ್ನೆ ಸಾಕು. ಬೆರಳಚ್ಚು ಎಲ್ಲಿ ಕೊಡಬೇಕು, ಬೆಂಗಳೂರಿನಲ್ಲೋ ಮುಂಬೈಯಲ್ಲೋ? ಆ ಓಡಾಟದ ಖರ್ಚು ನಮ್ಮದೇ. ಹಿಂದಿನ 59 ತಿಂಗಳೊಳಗೆ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಬೆರಳಚ್ಚು ಕೊಟ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಬೇಕಾಗುವುದಿಲ್ಲ. 90 ಯೂರೋ ಶುಲ್ಕ ದರದಲ್ಲಿ ಸೇರಿದೆಯೇ? ವೀಸಾ ತಿರಸ್ಕಾರವಾದರೆ ಎಷ್ಟು ಕಡಿದುಕೊಳ್ಳುತ್ತಾರೆ? ಕೊನೆಯದಕ್ಕೆ ಫೋನಿನಲ್ಲಿ ಬಂದ ಉತ್ತರ: “ಹಂಗೇನ್ ಆಗೂದಿಲ್ರಿ ಸರ್, ಚಿಂತಿ ಮಾಡಬ್ಯಾಡ್ರಿ.” ಅದನ್ನೇ ಈಮೇಲ್‌ನಲ್ಲಿ ಬರೆದು ಕಳಿಸ್ರಿ ಅಂದಾಗ ನಿಯಮಗಳ ಪುಟ ಬಂತು: ಹೊರಡಲು 30 ದಿನದೊಳಗೆ ವೀಸಾ ತಪ್ಪಿದರೆ ರದ್ದತಿಯ ಪೂರ್ತಿ ಕಡಿತ. ಜನ ಸಾಲದಿದ್ದರೆ ತಂಡವನ್ನು ಬೇರೆ ತಾರೀಕಿಗೆ ಸೇರಿಸುವ ಹಕ್ಕು ಕಂಪನಿಗೆ ಇದೆ ಅನ್ನುವ ಸಾಲೂ ಅದೇ ಪುಟದಲ್ಲಿ ಇರುತ್ತದೆ, ಹುಡುಕಿ.

ಕಂಪನಿ ಅಸಲಿಯೋ ಎಂದು ನೋಡಲು ಹತ್ತು ನಿಮಿಷ ಸಾಕು. ಬಿಲ್ಲಿನ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನೋಂದಾಯಿತ ಹೆಸರು, ಯಾವಾಗಿನಿಂದ ಇದೆ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: 29 ಕರ್ನಾಟಕ, 27 ಮಹಾರಾಷ್ಟ್ರ, 30 ಗೋವಾ. ನಮ್ಮ ಬೆಳಗಾವಿಯ ಟಿಳಕವಾಡಿಯ ಆಫೀಸಿನಲ್ಲಿ ಕೂತವರು ಬಹಳ ಕಡೆ ಕಮಿಷನ್ ಏಜೆಂಟರು. ಅದರಲ್ಲಿ ತಪ್ಪಿಲ್ಲ, ಆದರೆ ಚೆಕ್ಕು ಕಂಪನಿಯ ಹೆಸರಿಗೇ ಹೋಗಬೇಕು, ರಸೀದಿ ಅಲ್ಲಿಂದಲೇ ಬರಬೇಕು. ಏಜೆಂಟರ ಸ್ವಂತ ಯುಪಿಐಗೆ ಮುಂಗಡ ಬೇಡ. ಕಂಪನಿ ಮುಂಬೈಯದಾದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರನ್ನು ನಾವು ವಾಸಿಸುವ ಬೆಳಗಾವಿಯಲ್ಲೇ ಹಾಕಬಹುದು. ಕಾಗದ ಸರಿ ಇದ್ದರೆ ಮಾತ್ರ ಅದಕ್ಕೆ ಬಲ.

ಊಟದ ವಿಷಯದಲ್ಲಿ ‘ವೆಜ್ ಸಿಗ್ತದ್ರಿ’ ಸಾಲದು. ಈರುಳ್ಳಿ-ಬೆಳ್ಳುಳ್ಳಿ ಬೇಡ ಅನ್ನುವ ಜೈನರ ಊಟ ಎಷ್ಟು ರಾತ್ರಿ ಇದೆ ಎಂದು ಸಂಖ್ಯೆಯಲ್ಲೇ ಬರೆಸಿಕೊಳ್ಳಿ. ಟೂರ್ ಮ್ಯಾನೇಜರ್ ಯಾವ ಭಾಷೆ ಮಾತಾಡುತ್ತಾರೆ ಎಂದೂ ಕೇಳಿ. ಮುಂಬೈ ತಂಡದಲ್ಲಿ ಮರಾಠಿ, ಹಿಂದಿ ನಡೆಯುತ್ತದೆ, ಕನ್ನಡ ಬಿಟ್ಟು ಬೇರೇನೂ ಬಾರದ ಹಿರಿಯರಿದ್ದರೆ ಬೆಂಗಳೂರಿನ ತಂಡವೇ ವಾಸಿ. ಕುಂದಾ ಮಾತ್ರ ಕಟ್ಟಿಕೊಳ್ಳಬೇಡಿ: ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥವನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಶೇಂಗಾ ಚಟ್ನಿ, ಖಡಕ್ ರೊಟ್ಟಿ ನಡೆಯುತ್ತದೆ. ರೊಟ್ಟಿ ಮುರಿಯಬಾರದೆಂದು ಸ್ಟೀಲ್ ಡಬ್ಬಿಯಲ್ಲಿ ಇಡುವವರು ಡಬ್ಬಿಯನ್ನೂ ತೂಗಿ ನೋಡಿ, ಅದೂ ಆ 15 ಕೆಜಿಯೊಳಗೇ ಬರಬೇಕು.